ಬಿಷಪ್ ಕಾಲ್ಡ್ವೆಲ್ ಮತ್ತು ನಮ್ಮ ಬಯಲುನಾಡು



ಸುಲ್ತಾನ್ ಬತ್ತೇರಿಯ ಅಂಗಡಿಬೀದಿಯಲ್ಲಿ ಒಂದು ಗಳಿಗೆ ನಿಂತು ಕಿವಿಗೊಟ್ಟು ನೋಡಿ. ಲಾರಿಗೆ ಶುಂಠಿ ಮೂಟೆ ಏರಿಸುವವರು ಎಣಿಸುತ್ತಿರುತ್ತಾರೆ. ಮಲಯಾಳಿಯ ಬಾಯಲ್ಲಿ ಅದು 'ಒನ್ನ್, ರಂಡ್, ಮೂನ್ನ್'. ಗೂಡಲೂರಿನ ಕಡೆಯಿಂದ ಬಂದ ತಮಿಳರ ಬಾಯಲ್ಲಿ 'ಒಣ್ಣು, ರೆಂಡು, ಮೂಣು'. ಗುಂಡ್ಲುಪೇಟೆಯಿಂದ ಬಂದ ನಮ್ಮವರ ಬಾಯಲ್ಲಿ 'ಒಂದು, ಎರಡು, ಮೂರು'. ಮೂವರ ಮಾತೂ ಬೇರೆ. ಆದರೆ ಮೂಟೆಯ ಲೆಕ್ಕ ಯಾರಿಗೂ ತಪ್ಪುವುದಿಲ್ಲ.

ಇದು ಹೇಗೆ? ಈ ಭಾಷೆಗಳೆಲ್ಲ ಒಂದೇ ತಾಯಿಯ ಮಕ್ಕಳು ಎಂದು ಇಂದು ಶಾಲೆಯ ಹುಡುಗರೂ ಹೇಳಿಬಿಡುತ್ತಾರೆ. ಆದರೆ ಇನ್ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ವಿದ್ವಾಂಸರು ಹಾಗೆ ಹೇಳುತ್ತಿರಲಿಲ್ಲ. ಕನ್ನಡ, ತಮಿಳು, ತೆಲುಗು, ಮಲಯಾಳಂ ಎಲ್ಲವೂ ಸಂಸ್ಕೃತದಿಂದಲೇ ಹುಟ್ಟಿದವು ಎಂಬುದು ಆಗ ಬಲವಾಗಿದ್ದ ಅಭಿಪ್ರಾಯ. ಅದು ಸರಿಯಲ್ಲ ಎಂದು ಪುಟಗಟ್ಟಲೆ ಸಾಕ್ಷ್ಯ ಕೊಟ್ಟು ಲೋಕಕ್ಕೆ ಒಪ್ಪಿಸಿದವರಲ್ಲಿ ಮುಖ್ಯರು ಒಬ್ಬ ಪಾದ್ರಿ. ಮುಂದೆ ಅವರು ಆಂಗ್ಲಿಕನ್ ಸಭೆಯ ಬಿಷಪ್ ಆದರು. ಮುಪ್ಪಿನಲ್ಲಿ ನಿವೃತ್ತರಾಗಿ ಪಳನಿ ಬೆಟ್ಟಗಳ ಮೇಲಿನ ಕೊಡೈಕೆನಾಲಿನಲ್ಲಿ ತೀರಿಕೊಂಡರು. ಅವರ ಹೆಸರು ರಾಬರ್ಟ್ ಕಾಲ್ಡ್ವೆಲ್.

ವಯನಾಡಿನ ಕನ್ನಡಿಗರಾದ ನಮಗೂ ಆ ಬಿಷಪ್ಪರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಎರಡು ಬಗೆಯದು. ನಮ್ಮ ಮಾತಿಗೆ ಒಂದು ದೊಡ್ಡ ಮರ್ಯಾದೆ ತಂದುಕೊಟ್ಟವರು ಅವರು. ನಮ್ಮ ನೆರೆಯ ಕಾಡಿನವರ ಮಾತಿಗೆ ಅದೇ ಮರ್ಯಾದೆಯನ್ನು ಕೊಡದೆ ಹೋದವರೂ ಅವರೇ. ಈ ಎರಡನ್ನೂ ಒಟ್ಟಿಗೆ ತಿಳಿದುಕೊಳ್ಳುವುದು ನಮಗೆ ಒಳ್ಳೆಯದು.

ಕಾಲ್ಡ್ವೆಲ್ ಹುಟ್ಟಿದ್ದು 1814ನೆಯ ಇಸವಿ ಮೇ 7ರಂದು, ಐರ್ಲೆಂಡಿನ ಆಂಟ್ರಿಮ್ ಪ್ರಾಂತದ ಕ್ಲೇಡಿ ಎಂಬಲ್ಲಿ. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು, ಪ್ರೆಸ್ಬಿಟೇರಿಯನ್ ಪಂಥದವರು. ಹುಡುಗನಿದ್ದಾಗ ಅವರಿಗೆ ಚಿತ್ರಕಲೆಯ ಮೇಲೆ ಮನಸ್ಸಿತ್ತು. ಡಬ್ಲಿನ್ ನಗರದಲ್ಲಿ ಕೆಲಕಾಲ ಅದನ್ನು ಕಲಿತದ್ದೂ ಉಂಟು. ಕೊನೆಗೆ ಗ್ಲಾಸ್ಗೋ ವಿಶ್ವವಿದ್ಯಾಲಯಕ್ಕೆ ಸೇರಿದರು. ಅಲ್ಲಿ ಗ್ರೀಕ್ ಭಾಷೆಯ ಪ್ರಾಧ್ಯಾಪಕರಾಗಿದ್ದ ಸರ್ ಡೇನಿಯಲ್ ಸ್ಯಾಂಡ್ಫರ್ಡ್ ಅವರ ಪಾಠಗಳು ಹುಡುಗನ ತಲೆಯಲ್ಲಿ ಒಂದು ಹೊಸ ಕುತೂಹಲವನ್ನು ಬಿತ್ತಿದವು. ಭಾಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಅವುಗಳ ನೆಂಟಸ್ತನ ಕಾಣುತ್ತದೆ ಎಂಬ ಕುತೂಹಲ ಅದು. ಆ ಕಾಲದ ಯುರೋಪಿನಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ನೆಂಟಸ್ತನವನ್ನು ಪತ್ತೆಹಚ್ಚುವ ಕೆಲಸ ಭರದಿಂದ ಸಾಗಿತ್ತು.

ಪದವಿ ಮುಗಿಸಿ, ಲಂಡನ್ ಮಿಷನರಿ ಸೊಸೈಟಿಯ ಕಡೆಯಿಂದ ಹಡಗು ಹತ್ತಿದ ಕಾಲ್ಡ್ವೆಲ್ 1838ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದರು. ಅದೇ ಹಡಗಿನಲ್ಲಿ ತೆಲುಗು ವಿದ್ವಾಂಸ ಸಿ. ಪಿ. ಬ್ರೌನ್ ಕೂಡ ಇದ್ದರು. ತೆಲುಗಿನ ನಿಘಂಟನ್ನು ಕಟ್ಟಿದ ಆ ಬ್ರೌನರ ಜೊತೆ ತಿಂಗಳುಗಟ್ಟಲೆ ಸಮುದ್ರದ ಮೇಲೆ ಮಾತನಾಡುತ್ತ ಬಂದ ಇಪ್ಪತ್ತಮೂರು ವರ್ಷದ ಯುವಕನಿಗೆ ಅದು ಒಳ್ಳೆಯ ಗುರುಕುಲವೇ ಆಗಿರಬೇಕು.

ಮದರಾಸಿನಲ್ಲಿ ಮೂರು ವರ್ಷ ತಮಿಳು ಕಲಿತರು. 1841ರಲ್ಲಿ ಹುಟ್ಟಿನ ಪಂಥವನ್ನು ಬಿಟ್ಟು ಆಂಗ್ಲಿಕನ್ ಸಭೆಗೆ, ಅಂದರೆ ಇಂಗ್ಲೆಂಡಿನ ರಾಜಸಭೆಯ ಕ್ರೈಸ್ತ ಪದ್ಧತಿಗೆ ಸೇರಿದರು. ಅದರ ಎಸ್.ಪಿ.ಜಿ. ಎಂಬ ಸಂಸ್ಥೆ ಅವರನ್ನು ದಕ್ಷಿಣದ ತಿರುನೆಲ್ವೇಲಿ ಸೀಮೆಗೆ ನೇಮಿಸಿತು. ಅವರು ಹೊರಟದ್ದು ಕಾಲ್ನಡಿಗೆಯಲ್ಲಿ. ಜನರನ್ನು ಕಾಣಬೇಕು, ಅವರ ಮಾತು ಕೇಳಬೇಕು ಎಂಬ ಆಸೆ. ತಂಜಾವೂರು, ತಿರುಚಿರಾಪಳ್ಳಿ ದಾಟಿ ನೀಲಗಿರಿ ಬೆಟ್ಟ ಹತ್ತಿದರು. ಮದರಾಸಿನ ಬಿಷಪ್ ಸ್ಪೆನ್ಸರ್ ಆಗ ಊಟಿಯಲ್ಲಿದ್ದರು. ಅಲ್ಲಿಯೇ ಕಾಲ್ಡ್ವೆಲ್ ಅವರಿಗೆ ದೀಕ್ಷೆಯಾಯಿತು. ಓದುಗರೇ, ಊಟಿಯಿಂದ ಪಡುವಣಕ್ಕೆ ಇಳಿದರೆ ಗೂಡಲೂರು. ಅಲ್ಲಿಂದ ಮುಂದೆ ನಮ್ಮ ವಯನಾಡು. ಆ ದಿನಗಳಲ್ಲಿ ಗೂಡಲೂರು ಸೀಮೆಯೂ ವಯನಾಡಿನದೇ ಭಾಗ. 1877ರಲ್ಲಷ್ಟೇ ಅದನ್ನು ನೀಲಗಿರಿಗೆ ಸೇರಿಸಿದರು. ಹೀಗೆ ನಮ್ಮ ಬಾಗಿಲ ತನಕ ಬಂದ ಆ ಯುವ ಪಾದ್ರಿ ಮತ್ತೆ ತೆಂಕಣಕ್ಕೆ ನಡೆದು ಆ ವರ್ಷದ ಕೊನೆಗೆ ಇಡೈಯನ್‌ಗುಡಿ ಎಂಬ ಹಳ್ಳಿಯನ್ನು ಸೇರಿದರು.

ಇಡೈಯನ್‌ಗುಡಿ ಕೆಂಪು ಮರಳಿನ, ತಾಳೆಮರಗಳ ಊರು. ಅಲ್ಲಿಯೇ ಅವರು ಹಲವು ದಶಕ ಕಳೆದರು. ಊರಿನ ಬೀದಿಗಳನ್ನು ನೇರ ಮಾಡಿಸಿದರು; ಬಾವಿ ತೋಡಿಸಿದರು; ಶಾಲೆ ತೆರೆದರು. 1844ರಲ್ಲಿ ನಾಗರಕೋವಿಲಿನ ಮಿಷನರಿ ಚಾರ್ಲ್ಸ್ ಮಾಲ್ಟ್ ಅವರ ಮಗಳು ಎಲೈಜಾ ಅವರನ್ನು ಮದುವೆಯಾದರು. ಎಲೈಜಾ ಈ ನೆಲದಲ್ಲೇ ಹುಟ್ಟಿ ಬೆಳೆದವರು. ತಮಿಳು ಅವರಿಗೆ ಮನೆಮಾತಿನಷ್ಟೇ ಸಲೀಸು. ಹೆಣ್ಣುಮಕ್ಕಳಿಗೆ ಶಾಲೆಯನ್ನೂ, ಲೇಸ್ ಹೆಣೆಯುವ ಕಸುಬನ್ನೂ ಅವರು ಊರಿಗೆ ತಂದರು. ಗಂಡನ ಹೆಸರು ಗ್ರಂಥದಲ್ಲಿ ಉಳಿಯಿತು. ಹೆಂಡತಿಯ ಕೆಲಸ ಹೆಂಗಸರ ಬೆರಳುಗಳಲ್ಲಿ ಉಳಿಯಿತು.

ಈಗ ಆ ಗ್ರಂಥದ ಮಾತಿಗೆ ಬರೋಣ.

1854ರಲ್ಲಿ ಕಾಲ್ಡ್ವೆಲ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋದರು. ಇಡೈಯನ್‌ಗುಡಿಯಲ್ಲಿ ವರ್ಷಗಳಿಂದ ಕೂಡಿಸಿಟ್ಟಿದ್ದ ಟಿಪ್ಪಣಿಗಳನ್ನು ಅಲ್ಲಿ ಕುಳಿತು ಗ್ರಂಥರೂಪಕ್ಕೆ ತಂದರು. 1856ರಲ್ಲಿ ಲಂಡನ್ನಿನಲ್ಲಿ ಅದು ಅಚ್ಚಾಯಿತು. ದ್ರಾವಿಡ ಅಥವಾ ದಕ್ಷಿಣ ಭಾರತದ ಭಾಷಾ ಕುಟುಂಬದ ತೌಲನಿಕ ವ್ಯಾಕರಣ ಎಂಬುದು ಅದರ ಹೆಸರಿನ ತಾತ್ಪರ್ಯ. ಈ ಮಾತನ್ನು ಮೊದಲು ಹೇಳಿದವರು ಅವರಲ್ಲ ಎಂಬುದನ್ನೂ ನಾವು ನೆನೆಯಬೇಕು. ನಾಲ್ವತ್ತು ವರ್ಷ ಮುಂಚೆ, 1816ರಲ್ಲಿ, ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಇವು ಸಂಸ್ಕೃತದಿಂದ ಬಂದವಲ್ಲ ಎಂದು ತೋರಿಸಿದ್ದರು. ಅದು ಕ್ಯಾಂಬೆಲ್ಲರ ತೆಲುಗು ವ್ಯಾಕರಣದ ಪೀಠಿಕೆಗೆ ಸೇರಿಸಿದ ಟಿಪ್ಪಣಿ. ಎಲ್ಲಿಸ್ 1819ರಲ್ಲಿ ತೀರಿಕೊಂಡರು. ಟಿಪ್ಪಣಿ ಮೂಲೆ ಸೇರಿತು. ಬೀಜ ಎಲ್ಲಿಸರದು, ಬೆಳೆ ಕಾಲ್ಡ್ವೆಲ್ಲರದು ಎನ್ನಬಹುದು.

ಅವರ ವಾದದ ತಿರುಳು ಸರಳ. ಒಂದು ಭಾಷೆಯಲ್ಲಿ ಎರವಲು ಪದಗಳು ಎಷ್ಟಿವೆ ಎಂದು ನೋಡಿ ಅದರ ಕುಲ ಹೇಳಬಾರದು. ಎರವಲು ಪದಗಳು ಮೈಮೇಲಿನ ಒಡವೆಯ ಹಾಗೆ. ಇಂದು ಹಾಕಿ ನಾಳೆ ತೆಗೆಯಬಹುದು. ಮೂಳೆಯನ್ನು ನೋಡಬೇಕು. ಎಣಿಕೆಯ ಪದಗಳು, ನಾನು ನೀನು ಎನ್ನುವ ಸರ್ವನಾಮಗಳು, ನಾಮಪದಕ್ಕೆ ಹತ್ತುವ ಪ್ರತ್ಯಯಗಳು, ಕ್ರಿಯಾಪದ ತಿರುಗುವ ಬಗೆ, ಇವು ಭಾಷೆಯ ಮೂಳೆ. ಸಂಸ್ಕೃತದಲ್ಲಿ 'ಅಹಂ, ತ್ವಂ'. ನಮ್ಮಲ್ಲಿ 'ನಾನು, ನೀನು'. ತಮಿಳಿನಲ್ಲಿ 'ನಾನ್, ನೀ'. ಮಲಯಾಳದಲ್ಲಿ 'ಞಾನ್, ನೀ'. ಯಾರು ಯಾರ ಮನೆಯವರು ಎಂದು ಇಷ್ಟರಿಂದಲೇ ಊಹಿಸಬಹುದು.

ಕನ್ನಡದ ಹಳೆಯ ವೈಯಾಕರಣರಿಗೆ ಈ ವಿವೇಕ ಇರಲಿಲ್ಲವೆಂದು ತಿಳಿಯಬಾರದು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದಿಂದ ಬಂದ ತತ್ಸಮ, ತದ್ಭವಗಳನ್ನು ಬೇರೆ ಇಟ್ಟು, ಈ ನೆಲದ ಪದಗಳನ್ನು ದೇಶ್ಯ ಎಂದು ಬೇರೆ ಗುರುತಿಸಿದ್ದ. ಕಾಲ್ಡ್ವೆಲ್ ಮಾಡಿದ್ದು ಆ ದೇಶ್ಯದ ಬೇರುಗಳು ನೆರೆಮನೆಯ ಅಂಗಳಕ್ಕೂ ಹಬ್ಬಿವೆ ಎಂದು ತೋರಿಸಿದ್ದು.

ನಮ್ಮ ಊರುಗಳ ಹೆಸರಿನಲ್ಲಿಯೇ ಇದನ್ನು ಪರೀಕ್ಷೆ ಮಾಡಿ ನೋಡೋಣ. ಮಲಯಾಳದ 'ವ'ಕಾರ ಕನ್ನಡದಲ್ಲಿ ಎಷ್ಟೋ ಕಡೆ 'ಬ'ಕಾರವಾಗುತ್ತದೆ. ಅವರ 'ವರು' ನಮ್ಮ 'ಬರು'. ಹಾಗೆಯೇ ಅವರ 'ವಯಲ್' ನಮ್ಮ 'ಬಯಲು'. ವಯಲುಗಳ ನಾಡು ವಯನಾಡು ಎನ್ನುತ್ತಾರಲ್ಲ, ಹಳೆಯ ಕನ್ನಡ ಶಾಸನಗಳಲ್ಲಿ ಇದೇ ಸೀಮೆ 'ಬಯಲ್ನಾಡು'. ಬಯಲ್ನಾಡಿನ ಕದಂಬರು ಇಲ್ಲಿ ಆಳಿದರು. ಹೊಯ್ಸಳ ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯಲ್ಲಿ ಬಯಲ್ನಾಡೂ ಬರುತ್ತದೆ. ಎರಡು ಹೆಸರು, ಒಂದೇ ನೆಲ, ಒಂದೇ ಪದ.

ಇನ್ನು 'ಪ'ಕಾರ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ 'ಪ' ಕಾಲಕ್ರಮದಲ್ಲಿ 'ಹ' ಆಯಿತು. ಪಂಪನ ಕಾಲದ 'ಪಾಲ್' ನಮ್ಮ 'ಹಾಲು'. 'ಪುಲಿ' ನಮ್ಮ 'ಹುಲಿ'. 'ಪತ್ತು' ನಮ್ಮ 'ಹತ್ತು'. ತಮಿಳು, ಮಲಯಾಳಗಳು ಆ 'ಪ'ವನ್ನು ಬಿಡಲಿಲ್ಲ. ಪುಲ್ಪಳ್ಳಿಯ ಬಸ್ಸಿನ ಫಲಕ ನೋಡಿದಾಗ ಒಂದು ಕ್ಷಣ ಯೋಚಿಸಿ: 'ಪುಲ್ಲು' ನಮ್ಮ 'ಹುಲ್ಲು', 'ಪಳ್ಳಿ' ನಮ್ಮ 'ಹಳ್ಳಿ'ಗೆ ದಾಯಾದಿ. ನಂಜನಗೂಡು ತಾಲ್ಲೂಕಿನಲ್ಲಿ ಹುಲ್ಲಹಳ್ಳಿ ಎಂಬ ಊರಿದೆಯಲ್ಲವೇ? ಇನ್ನೊಂದು: ನಮ್ಮ 'ಕ'ಕಾರ ಅವರಲ್ಲಿ ಎಷ್ಟೋ ಸಲ 'ಚ'ಕಾರ. ನಮ್ಮ 'ಕಿವಿ' ಅವರಿಗೆ 'ಚೆವಿ'. ನಮ್ಮ 'ಕೆರೆ' ಅವರಿಗೆ 'ಚಿರ'. ಇದು ಅಲ್ಲೊಂದು ಇಲ್ಲೊಂದು ಕಾಣುವ ಹೋಲಿಕೆಯಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಕಟ್ಟಳೆಯಂತೆ ಸಾಲುಸಾಲಾಗಿ ಕಾಣುವುದರಿಂದ ಇದು ನೆಂಟಸ್ತನ.

ಗ್ರಂಥದಲ್ಲಿ ತಪ್ಪುಗಳೂ ಇದ್ದವು. ಕಾಲ್ಡ್ವೆಲ್ ತಮಿಳಿನ ಮೂಲಕ ಎಲ್ಲವನ್ನೂ ಕಂಡವರು. ತಕ್ಕಡಿ ತಮಿಳಿನ ಕಡೆಗೆ ಕೊಂಚ ವಾಲಿತ್ತು. ದ್ರಾವಿಡ ಭಾಷೆಗಳಿಗೂ ಮಧ್ಯ ಏಷ್ಯಾದ 'ಸಿಥಿಯನ್' ಭಾಷೆಗಳಿಗೂ ನೆಂಟಸ್ತನ ಉಂಟು ಎಂದು ಅವರು ನಂಬಿದ್ದರು. ಅದನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೂ ತಳಪಾಯ ಗಟ್ಟಿಯಾಗಿತ್ತು.

1875ರಲ್ಲಿ ಗ್ರಂಥದ ಎರಡನೆಯ ಮುದ್ರಣ ಬಂತು. ಈ ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಕಡೆಯ ಭಾಷೆಗಳ ಮೇಲೆ ಬಹಳ ಕೆಲಸ ನಡೆದಿತ್ತು. ವಯನಾಡಿನ ಘಟ್ಟ ಇಳಿದರೆ ಸಿಗುವ ತಲಶ್ಶೇರಿಯಲ್ಲಿ ಬಹುಕಾಲ ಇದ್ದ ಬಾಸೆಲ್ ಮಿಷನ್ನಿನ ಹರ್ಮನ್ ಗುಂಡರ್ಟ್ 1872ರಲ್ಲಿ ಮಲಯಾಳಂ ನಿಘಂಟು ಹೊರತಂದಿದ್ದರು. ಗುಂಡರ್ಟ್ ಮತ್ತು ಕಾಲ್ಡ್ವೆಲ್ ಒಂದೇ ವರ್ಷ ಹುಟ್ಟಿದವರು. ಸಂಸ್ಕೃತದೊಳಗೇ ಸೇರಿಹೋಗಿರುವ ದ್ರಾವಿಡ ಪದಗಳನ್ನು ಗುಂಡರ್ಟ್ ಪಟ್ಟಿ ಮಾಡಿದ್ದರು. ನಮ್ಮ ಫರ್ಡಿನಾಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ ವ್ಯಾಕರಣವನ್ನು ಅಚ್ಚು ಮಾಡಿಸಿದ್ದರು; ಅವರ ಮಹಾ ಕನ್ನಡ ನಿಘಂಟು ಬಂದದ್ದು 1894ರಲ್ಲಿ, ಕಾಲ್ಡ್ವೆಲ್ ತೀರಿಕೊಂಡ ಮೂರು ವರ್ಷಕ್ಕೆ. ತುಳುವಿಗೆ ಬ್ರಿಗೆಲ್ ವ್ಯಾಕರಣ ಬರೆದರು. ಕೊಡವ ಭಾಷೆಗೆ ಮೇಜರ್ ಕೋಲ್ 1867ರಲ್ಲಿ ಒಂದು ಚಿಕ್ಕ ವ್ಯಾಕರಣ ಬರೆದರು.

ಇದರ ಫಲವನ್ನು ನೋಡಿ. 1856ರ ಪುಸ್ತಕದಲ್ಲಿ ಕಾಲ್ಡ್ವೆಲ್ ಎಣಿಸಿದ ದ್ರಾವಿಡ ಭಾಷೆಗಳು 9. 1875ರಲ್ಲಿ 12. ಹೊಸದಾಗಿ ಸೇರಿದ ಮೂರರಲ್ಲಿ ಒಂದು ನಮ್ಮ ನೆರೆಯ ಕೊಡವ ಭಾಷೆ. ಅದುವರೆಗೆ ಅದನ್ನು ಕನ್ನಡದ್ದೇ ಒಂದು ಒರಟು ರೂಪ ಎಂದು ಎಷ್ಟೋ ಜನ ಎಣಿಸಿದ್ದರು. ಯಾರೋ ಒಬ್ಬರು ಕುಳಿತು ಕೇಳಿ ಬರೆದುಕೊಂಡ ಮೇಲೆ ಅದಕ್ಕೂ ಪಟ್ಟಿಯಲ್ಲಿ ಒಂದು ಸಾಲು ಸಿಕ್ಕಿತು. ಭಾಷೆ ಹೊಸದಾಗಿ ಹುಟ್ಟಲಿಲ್ಲ. ಕೇಳುವ ಕಿವಿ ಹೊಸದಾಗಿ ಹುಟ್ಟಿತು.

ಆದರೆ ಆ ಹನ್ನೆರಡನ್ನೂ ಅವರು ಎರಡು ಪಂಕ್ತಿಯಲ್ಲಿ ಕೂರಿಸಿದರು. ತಮಿಳು, ಮಲಯಾಳಂ, ತೆಲುಗು, ಕನ್ನಡ, ತುಳು, ಕೊಡವ, ಈ ಆರು ಸಂಸ್ಕಾರಗೊಂಡವು. ತೋಡ, ಕೋತ, ಗೋಂಡ, ಖೋಂಡ, ಒರಾಓನ್, ರಾಜಮಹಲ್, ಈ ಆರು ಸಂಸ್ಕಾರವಿಲ್ಲದವು. ನೀಲಗಿರಿಯ ಬಡಗರ ಮಾತನ್ನು ಕನ್ನಡದ ಹಳೆಯ ರೂಪವೆಂದು ಹೇಳಿ ಪಟ್ಟಿಯ ಹೊರಗಿಟ್ಟರು. ಇನ್ನು ಅಲ್ಲಿನ ದಟ್ಟ ಕಾಡಿನವರ ವಿಷಯ ಬಂದಾಗ ಒಂದೆರಡು ವಾಕ್ಯದಲ್ಲಿ ಮುಗಿಸಿದರು. ಇರುಳರದು ಕೆಟ್ಟುಹೋದ ತಮಿಳು, ಕುರುಂಬರದು ಕೆಟ್ಟುಹೋದ ಕನ್ನಡ ಎಂಬುದು ಅವರ ಮಾತಿನ ಅರ್ಥ.

ಓದುಗರೇ, 'ಕೆಟ್ಟುಹೋದ ಕನ್ನಡ' ಎಂಬ ಆ ಮಾತಿನ ಬಳಿ ನಾವು ಒಂದು ಕ್ಷಣ ನಿಲ್ಲಬೇಕು. ಇಡೀ ದಕ್ಷಿಣದ ಭಾಷೆಗಳನ್ನು ಜನ 'ಕೆಟ್ಟ ಸಂಸ್ಕೃತ' ಎನ್ನುತ್ತಿದ್ದಾಗ, ಹಾಗಲ್ಲ, ಇವುಗಳಿಗೆ ತಮ್ಮದೇ ಮೂಳೆಯಿದೆ ಎಂದು ವಾದಿಸಿದ ಮನುಷ್ಯ, ಕಾಡಿನವರ ಭಾಷೆಯ ಮುಂದೆ ನಿಂತಾಗ ಅದೇ ಹಳೆಯ ಮಾತನ್ನು ಆಡಿದರು. ಕಿವಿಗೊಟ್ಟು ಕೇಳಲು ಅವರಿಗೆ ಅವಕಾಶವಾಗಲಿಲ್ಲ. ಆದರೂ ತೀರ್ಪು ಕೊಟ್ಟುಬಿಟ್ಟರು.

ಕೇಳುವ ಮುಂಚೆ ತೀರ್ಪು ಕೊಡುವ ಈ ದೋಷ ಅವರಿಗೆ ಒಮ್ಮೆ ಬಹಳ ತೊಂದರೆಯನ್ನೇ ತಂದಿತ್ತು. 1849ರಲ್ಲಿ ಅವರು ತಿರುನೆಲ್ವೇಲಿಯ ನಾಡಾರ್ ಸಮುದಾಯದ ಮೇಲೆ ಒಂದು ಪುಸ್ತಕ ಬರೆದರು. ಇಡೈಯನ್‌ಗುಡಿಯ ಅವರ ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ಅದೇ ಸಮುದಾಯದವರು, ತಾಳೆಮರ ಹತ್ತಿ ಬದುಕುವವರು. ದೂರದ ಇಂಗ್ಲೆಂಡಿನ ಓದುಗರ ಸಹಾಯ ಪಡೆಯಲು ಬರೆದ ಪುಸ್ತಕದಲ್ಲಿ ಅವರು ಆ ಜನರ ಬುದ್ಧಿಯನ್ನೂ ನಡತೆಯನ್ನೂ ಹೀನವಾಗಿ ಚಿತ್ರಿಸಿದ್ದರು. ಇಂಗ್ಲಿಷ್ ಓದಬಲ್ಲ ನಾಡಾರರ ತಲೆಮಾರು ಬಂದಾಗ ಆ ಪುಸ್ತಕ ಅವರ ಕೈಗೆ ಸಿಕ್ಕಿತು. ದೊಡ್ಡ ಪ್ರತಿಭಟನೆ ಎದ್ದಿತು. 1857ರಲ್ಲಿ ಮಿಷನರಿಗಳನ್ನು ಬಿಟ್ಟು ಸ್ವತಂತ್ರ ಸಭೆ ಕಟ್ಟಿಕೊಂಡ ಸಟ್ಟಾಂಪಿಳ್ಳೈ ಅವರು ಈ ಪುಸ್ತಕದ ವಿರುದ್ಧ ಬರೆದರು, ಹೋರಾಡಿದರು. ಕೊನೆಗೆ ಕಾಲ್ಡ್ವೆಲ್ ಅದನ್ನು ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಯತ್ನಿಸಬೇಕಾಯಿತು. ತಾನು ಪ್ರೀತಿಸಿ ದುಡಿದ ಜನರ ಮನಸ್ಸನ್ನೇ ತನ್ನ ಲೇಖನಿಯಿಂದ ನೋಯಿಸಿದ ಮನುಷ್ಯ ಅವರು. ಇದನ್ನು ಮುಚ್ಚಿಟ್ಟು ಅವರ ಗುಣಗಾನ ಮಾಡುವುದು ಸರಿಯಾಗದು.

1877ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಕಾಲ್ಡ್ವೆಲ್ ಅವರಿಗೆ ಬಿಷಪ್ ಪದವಿಯ ಅಭಿಷೇಕವಾಯಿತು. ಜೊತೆಗೆ ಎಡ್ವರ್ಡ್ ಸಾರ್ಜೆಂಟ್ ಎಂಬ ಇನ್ನೊಬ್ಬ ಹಿರಿಯ ಮಿಷನರಿಗೂ ಅದೇ ದಿನ ಅಭಿಷೇಕ. ಇಬ್ಬರೂ ಮದರಾಸಿನ ಬಿಷಪ್ಪರಿಗೆ ಸಹಾಯಕ ಬಿಷಪ್ಪರಾಗಿ ತಿರುನೆಲ್ವೇಲಿಯ ಸಭೆಗಳನ್ನು ನೋಡಿಕೊಳ್ಳಬೇಕಾಗಿತ್ತು. ಹೊತ್ತು ಒಳ್ಳೆಯದಾಗಿರಲಿಲ್ಲ. ಅದು ದಕ್ಷಿಣವನ್ನೆಲ್ಲ ನುಂಗಿದ ಮಹಾಕ್ಷಾಮದ ಕಾಲ. ಮೈಸೂರು ಸೀಮೆಯ ನಮ್ಮ ಹಿರಿಯರು 'ಧಾತು ಈಶ್ವರ ಬರ' ಎಂದು ನಡುಗುತ್ತ ನೆನೆಯುತ್ತಿದ್ದ ಬರ ಅದೇ. ಹೊಸ ಬಿಷಪ್ಪರ ಮೊದಲ ಕೆಲಸವೇ ಹಸಿದವರಿಗೆ ಅನ್ನ ಹೊಂದಿಸುವುದಾಯಿತು.

1880ರ ಜುಲೈ 6ರಂದು ಇಡೈಯನ್‌ಗುಡಿಯ ದೊಡ್ಡ ದೇವಾಲಯದ ಪ್ರತಿಷ್ಠೆಯಾಯಿತು. ಅದರ ಅಡಿಗಲ್ಲು ಬಿದ್ದದ್ದು 1847ರಲ್ಲಿ. ಮೂವತ್ತಮೂರು ವರ್ಷ ಒಂದೊಂದೇ ಕಲ್ಲು ಕೂಡಿಸಿ ಕಟ್ಟಿದ ಗುಡಿ ಅದು. ಮರು ವರ್ಷ ತಿರುನೆಲ್ವೇಲಿ ಸೀಮೆಯ ಇತಿಹಾಸವನ್ನು ಬರೆದು ಪ್ರಕಟಿಸಿದರು. ತಾಮ್ರಪರ್ಣಿ ನದೀಮುಖದ ಕೊರ್ಕೈ ಎಂಬ ಪುರಾತನ ಬಂದರಿನ ನೆಲವನ್ನು ಅಗೆಸಿ ನೋಡಿದವರಲ್ಲಿ ಅವರೂ ಒಬ್ಬರು.

1891ರ ಜನವರಿ 31ರಂದು ಬಿಷಪ್ ಕಾಲ್ಡ್ವೆಲ್ ನಿವೃತ್ತರಾದರು. ವಯಸ್ಸು ಎಪ್ಪತ್ತಾರು. ಐವತ್ತಮೂರು ವರ್ಷ ಈ ನೆಲದಲ್ಲಿ ಕಳೆದವರು ಊರಿಗೆ ಹಿಂದಿರುಗುವ ಯೋಚನೆ ಮಾಡಲಿಲ್ಲ. ಕೊಡೈಕೆನಾಲಿನ ತಂಪಿಗೆ ಹೋಗಿ ನೆಲೆಸಿದರು. ಆದರೆ ನಿವೃತ್ತಿಯ ಸುಖ ಏಳು ತಿಂಗಳಿಗಿಂತ ಹೆಚ್ಚು ಸಿಗಲಿಲ್ಲ. ಆಗಸ್ಟ್ 28ರಂದು ತೀರಿಕೊಂಡರು. ದೇಹವನ್ನು ಬೆಟ್ಟದಿಂದ ಇಳಿಸಿ, ಇಡೈಯನ್‌ಗುಡಿಗೆ ಒಯ್ದು, ತಾವೇ ಕಟ್ಟಿಸಿದ ಗುಡಿಯಲ್ಲಿ ಮಣ್ಣು ಮಾಡಿದರು.

ಅವರ ಆಂಗ್ಲಿಕನ್ ಸಭೆ ಈಗ ದಕ್ಷಿಣ ಭಾರತದಲ್ಲಿ ಆ ಹೆಸರಿನಲ್ಲಿ ಇಲ್ಲ. 1947ರ ಸೆಪ್ಟೆಂಬರ್ 27ರಂದು ಅದು ಇತರ ಸಭೆಗಳೊಡನೆ ಕೂಡಿ ದಕ್ಷಿಣ ಭಾರತ ಸಭೆ, ಸಿ.ಎಸ್.ಐ., ಆಯಿತು. ಆದರೆ ಬಿಷಪ್ಪರ ಹೆಸರು ಉಳಿಯಿತು. 1968ರಲ್ಲಿ ಮದರಾಸಿನ ಮರೀನಾ ಕಡಲತೀರದಲ್ಲಿ ಅವರ ಪ್ರತಿಮೆ ನಿಂತಿತು. 2010ರಲ್ಲಿ ಭಾರತದ ಅಂಚೆ ಇಲಾಖೆ ಅವರ ಹೆಸರಿನ ಅಂಚೆಚೀಟಿ ಹೊರಡಿಸಿತು. ಅವರು ಭಾಷಾಕುಟುಂಬಕ್ಕೆ ಸಂಸ್ಕೃತದಿಂದ ತೆಗೆದುಕೊಂಡು ಇಟ್ಟ 'ದ್ರಾವಿಡ' ಎಂಬ ಹೆಸರು ಮುಂದೆ ರಾಜಕೀಯ ಪಕ್ಷಗಳ ಹೆಸರಾಯಿತು. 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳ ಗಡಿ ಎಳೆದರು. ಗಡಿ ಎಲ್ಲಿ ಎಳೆದರೂ ಆಚೆ ಈಚೆ ಕೆಲವರು ಉಳಿಯಲೇಬೇಕಲ್ಲ. ವಯನಾಡಿನಲ್ಲಿ, ಕಾಸರಗೋಡಿನಲ್ಲಿ ಹಾಗೆ ಉಳಿದವರು ನಾವು.

ಇನ್ನು ಆ ಕಾಡಿನ ಭಾಷೆಗಳ ಕಥೆ ಏನಾಯಿತು? ಕಾಲ್ಡ್ವೆಲ್ ತೀರಿಕೊಂಡ ಸುಮಾರು ನಾಲ್ವತ್ತೈದು ವರ್ಷದ ಮೇಲೆ, 1930ರ ದಶಕದಲ್ಲಿ, ಎಂ. ಬಿ. ಎಮೆನೋ ಎಂಬ ವಿದ್ವಾಂಸರು ನೀಲಗಿರಿಗೆ ಬಂದು ಕೋತರ, ತೋಡರ ನಡುವೆ ಕುಳಿತು ವರ್ಷಗಟ್ಟಲೆ ಕೇಳಿದರು. ಸಂಸ್ಕಾರವಿಲ್ಲದವು ಎನಿಸಿಕೊಂಡಿದ್ದ ಆ ಭಾಷೆಗಳಲ್ಲಿ ಅಪಾರ ಸಾಹಿತ್ಯ, ಸೂಕ್ಷ್ಮವಾದ ಹಾಡುಗಬ್ಬ ಇದೆ ಎಂದು ಗ್ರಂಥಗಳಲ್ಲಿ ತೋರಿಸಿದರು. ಎಮೆನೋ ಮತ್ತು ಬರೋ ಸೇರಿ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ನಿಘಂಟಿನಲ್ಲಿ ಕಾಡಿನ ಭಾಷೆಯ ಪದವೂ ಕನ್ನಡದ ಪದವೂ ಒಂದೇ ಸಾಲಿನಲ್ಲಿ ಕುಳಿತಿವೆ. 1970ರ ದಶಕದಲ್ಲಿ ಕಮಿಲ್ ಜ್ವೆಲೆಬಿಲ್ ಅವರು ಇರುಳರ ಭಾಷೆ ಕೆಟ್ಟ ತಮಿಳಲ್ಲ, ಅದೊಂದು ಸ್ವತಂತ್ರ ಭಾಷೆ ಎಂದು ವಿವರಿಸಿದರು. 1992ರಲ್ಲಿ ಬಡಗರ ಭಾಷೆಗೆ ಪ್ರತ್ಯೇಕ ನಿಘಂಟೇ ಬಂತು. 2003ರಲ್ಲಿ ಗೇಲ್ ಕೊಯೆಲ್ಹೊ ಅವರು ನಮ್ಮ ನೆರೆಯ ಬೆಟ್ಟಕುರುಂಬರ ಭಾಷೆಗೆ ವ್ಯಾಕರಣ ಬರೆದು ಡಾಕ್ಟರೇಟ್ ಪಡೆದರು. ಅದೇ ವರ್ಷ ಭದ್ರಿರಾಜು ಕೃಷ್ಣಮೂರ್ತಿಯವರು ತಮ್ಮ ಗ್ರಂಥದಲ್ಲಿ ಎಣಿಸಿದ ದ್ರಾವಿಡ ಭಾಷೆಗಳು 26. ಒಂಬತ್ತು ಹನ್ನೆರಡಾಯಿತು, ಹನ್ನೆರಡು ಇಪ್ಪತ್ತಾರಾಯಿತು. ಕಿವಿ ಕೊಟ್ಟಷ್ಟೂ ಪಟ್ಟಿ ಬೆಳೆಯಿತು.

ಈಗ ನಮ್ಮ ಜಿಲ್ಲೆಯನ್ನು ನೋಡಿಕೊಳ್ಳೋಣ. 2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆ 8,17,420.  ಅದರಲ್ಲಿ ನೂರಕ್ಕೆ ಹದಿನೆಂಟಕ್ಕಿಂತ ಹೆಚ್ಚು ಜನ ಬುಡಕಟ್ಟಿನವರು. ಪಣಿಯರು, ಅಡಿಯರು, ಕುರಿಚ್ಯರು, ಮುಳ್ಳುಕುರುಮರು, ಊರಾಳಿಗಳು, ಕಾಟ್ಟುನಾಯ್ಕರು. ಕಾಟ್ಟುನಾಯ್ಕರೆಂದರೆ ಜೇನು ಹುಡುಕಿ ಕಾಡು ತಿರುಗಿದವರು. ಗಡಿಯ ಆಚೆ ನಾಗರಹೊಳೆ, ಹೆಗ್ಗಡದೇವನಕೋಟೆಯಲ್ಲಿ ಜೇನುಕುರುಬರೆಂದು ಕರೆಸಿಕೊಳ್ಳುವವರ ಬಳಗ. ಅವರ ಮಾತು ಕೇಳಿದರೆ ನಮಗೆ ಅರ್ಧ ಅರ್ಥವಾಗುತ್ತದೆ. ಅರ್ಧ ಅರ್ಥವಾದಾಗ ನಾವೇನು ಹೇಳುತ್ತೇವೆ? 'ಅದೊಂದು ಥರ ಕೆಟ್ಟ ಕನ್ನಡ' ಎನ್ನುತ್ತೇವೆ. ಬಿಷಪ್ಪರು 1875ರಲ್ಲಿ ಆಡಿದ ಮಾತನ್ನೇ ಇಂದೂ ಆಡುತ್ತೇವೆ.

ಅದೇ ಹೊತ್ತಿಗೆ ನಮ್ಮ ನೋವನ್ನೂ ನೆನೆಯಿರಿ. ಮೈಸೂರಿಗೆ ಹೋದರೆ ನಮ್ಮ ಮಾತು ಕೇಳಿ 'ನಿಮ್ಮದು ಮಲಯಾಳ ಬೆರೆತ ಕನ್ನಡ' ಎಂದು ನಗುತ್ತಾರೆ. ಕಲ್ಪೆಟ್ಟದ ಕಚೇರಿಯಲ್ಲಿ ನಮ್ಮ ಮಲಯಾಳ ಕೇಳಿ 'ಇದು ಕನ್ನಡಿಗರ ಮಲಯಾಳ' ಎನ್ನುತ್ತಾರೆ. ಎರಡೂ ಕಡೆ ನಾವು ಕೆಟ್ಟವರು. ಬತ್ತೇರಿಯ ಹಳೆಯ ಜೈನ ಬಸದಿಯ ಕಲ್ಲುಗಳಷ್ಟು ಹಿಂದಿನಿಂದ ಈ ನೆಲದಲ್ಲಿ ಬೇರು ಬಿಟ್ಟ ಮಾತು ನಮ್ಮದು. ಆದರೂ ಅದನ್ನು ಆಡಲು ನಮ್ಮ ಮಕ್ಕಳು ನಾಚುತ್ತಾರೆ. ಆ ನಾಚಿಕೆ ಎಷ್ಟು ಸುಡುತ್ತದೆಂದು ನಮಗೆ ಗೊತ್ತು. ಗೊತ್ತಿದ್ದೂ ಅದನ್ನೇ ಕಾಟ್ಟುನಾಯ್ಕರ ಮಗುವಿನ ತಲೆಯ ಮೇಲೆ ಹೊರಿಸುವುದು ನ್ಯಾಯವೇ?

ಶಾಲೆಯಲ್ಲಿ ಆ ಮಗು ಮೊದಲ ದಿನ ಕೇಳುವುದು ತನಗೆ ಗೊತ್ತಿಲ್ಲದ ಭಾಷೆಯನ್ನು. ಸುಮ್ಮನೆ ಕೂರುತ್ತದೆ, ಕೆಲವು ದಿನ ಬರುತ್ತದೆ, ಆಮೇಲೆ ಬರುವುದಿಲ್ಲ. ಇದನ್ನು ತಪ್ಪಿಸಲೆಂದೇ 2017ರಲ್ಲಿ ವಯನಾಡಿನ ಪ್ರಾಥಮಿಕ ಶಾಲೆಗಳಲ್ಲಿ 'ಗೋತ್ರಬಂಧು' ಎಂಬ ಯೋಜನೆ ಆರಂಭವಾಯಿತು. ಬುಡಕಟ್ಟಿನ ವಿದ್ಯಾವಂತ ಯುವಕ ಯುವತಿಯರನ್ನೇ ಮಕ್ಕಳ ಜೊತೆಗಾರ ಶಿಕ್ಷಕರಾಗಿ ನೇಮಿಸಿದರು. ಮನೆಯ ಮಾತಿನಲ್ಲಿ ಒಂದು ಸಲ 'ಬಾ, ಕೂತುಕೋ' ಎಂದರೆ ಸಾಕು, ಮಗುವಿನ ಮುಖ ಅರಳುತ್ತದೆ.

ಓದುಗರೇ, ಬಿಷಪ್ ಕಾಲ್ಡ್ವೆಲ್ ಅವರ ಬದುಕಿನಿಂದ ನಾವು ಏನನ್ನು ಎತ್ತಿಕೊಳ್ಳಬೇಕು? ಅವರ ಮತಪ್ರಚಾರ ಅವರದು, ನಮ್ಮ ನಮ್ಮ ನಂಬಿಕೆ ನಮ್ಮದು. ಅದು ಇಲ್ಲಿನ ಪ್ರಶ್ನೆಯಲ್ಲ. ಯಾವ ಭಾಷೆಯನ್ನೂ ಇನ್ನೊಂದು ಭಾಷೆಯ ಕೆಟ್ಟ ನಕಲು ಎನ್ನುವ ಮುಂಚೆ ಅದರ ಮೂಳೆಯನ್ನು ನೋಡಬೇಕು ಎಂಬುದು ಅವರು ಕಲಿಸಿದ ಪಾಠ. ಆ ಪಾಠವನ್ನು ಕಾಡಿನ ಅಂಚಿನ ತನಕ ಒಯ್ದು ಅವರು ನಿಲ್ಲಿಸಿಬಿಟ್ಟರು. ಅಲ್ಲಿಂದ ಮುಂದಿನ ದಾರಿ ನಮ್ಮ ಊರಿನ ಮೂಲಕವೇ ಹೋಗುತ್ತದೆ.

ದೊಡ್ಡ ವಿದ್ವತ್ತೇನೂ ಬೇಡ. ನಿಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹಿರಿಯರನ್ನು, ಜೇನು ತಂದು ಮಾರುವ ಅಜ್ಜನನ್ನು ಒಮ್ಮೆ ಕೇಳಿ: 'ಇದಕ್ಕೆ ನೀವು ಏನನ್ನುತ್ತೀರಿ?' ಮರಕ್ಕೆ, ಹಕ್ಕಿಗೆ, ಮಳೆಗೆ, ಅತ್ತೆಗೆ, ಮಾವನಿಗೆ ಅವರಲ್ಲಿರುವ ಹೆಸರನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನಮ್ಮಲ್ಲಿ ಸತ್ತುಹೋದ ಹಳಗನ್ನಡದ ಯಾವುದೋ ಪದ ಅವರ ಬಾಯಲ್ಲಿ ಹಸುರಾಗಿ ಉಳಿದಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಮನೆಯ ಅಜ್ಜಿ ಆಡುವ ಬಯಲುನಾಡಿನ ಕನ್ನಡವನ್ನೂ ಹಾಗೆಯೇ ಬರೆದಿಡಿ.

ಬರೆದ ಮೇಲೆ ಮಕ್ಕಳ ಮುಂದೆ ಓದಿ. ಅವರು ನಗಬಹುದು, ಆ ನಗುವಿನಲ್ಲಿ ನಾಚಿಕೆ ಇರದ ಹಾಗೆ ನೋಡಿಕೊಂಡರೆ ನಮ್ಮ ಕೆಲಸ ಅಷ್ಟರ ಮಟ್ಟಿಗೆ ಆಯಿತು.